ಎಕ್ಸ್‌ರೇಯಲ್ಲಿ ಏನೂ ಇಲ್ಲ

ಪೆರುಂಗುಡಿಯ ಮಗಳ ಮನೆಗೆ ಬಂದು ನೆಲಸಿದ ಈ ನಾಲ್ಕು ವರ್ಷಗಳಲ್ಲಿ, ಬೆಳಗಿನ ಐದು ಗಂಟೆಗೆ ಎದ್ದು, ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು, ಮೂರನೆಯ ಅಂತಸ್ತಿನ ಬಾಲ್ಕನಿಯಲ್ಲಿ ಕುಳಿತುಕೊಳ್ಳುವುದು ನನಗೆ ನಿತ್ಯವಿಧಿಯಾಗಿಬಿಟ್ಟಿದೆ. ಪಶ್ಚಿಮಕ್ಕೆ ಪಳ್ಳಿಕರಣೈಯ ಜವುಗುನೆಲ. ಚಳಿಗಾಲದಲ್ಲಿ ಅಲ್ಲಿಂದ ಹೆಜ್ಜಾರ್ಲೆಗಳು ಸಾಲುಗಟ್ಟಿ ಏಳುವುದನ್ನು ಕಂಡಾಗ ನಮ್ಮ ಮದ್ದೂರು ಸೀಮೆಯ ಕೊಕ್ಕರೆ ಬೆಳ್ಳೂರು ನೆನಪಾಗದೆ ಇರದು. ಪೂರ್ವಕ್ಕೆ, ಹಲಗೆಯ ಮೇಲೆ ರಾಜೀವ್ ಗಾಂಧಿ ಸಾಲೈ ಎಂದು ಬರೆದಿದ್ದರೂ ಜನರ ಬಾಯಲ್ಲಿ ಓ.ಎಂ.ಆರ್. ಎಂದೇ ಉಳಿದುಕೊಂಡಿರುವ ಹೆದ್ದಾರಿ. ಮೆಟ್ರೋ ಕಾಮಗಾರಿಯ ತಗಡಿನ ಬೇಲಿಗಳ ಪಕ್ಕದಲ್ಲಿ, ಕಿತ್ತುಹೋದ ಕಾಲುದಾರಿಯನ್ನು ಬಿಟ್ಟು ಡಾಂಬರಿನ ಮೇಲೆಯೇ, ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ತರುಣ ತರುಣಿಯರು ಆ ಹೊತ್ತಿನಲ್ಲಿ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಓಡುತ್ತ ಹೋಗುತ್ತಾರೆ. ಮೂವತ್ತೆಂಟು ವರ್ಷ ಮೂಳೆಯ ವೈದ್ಯನಾಗಿ ದುಡಿದವನ ಕಣ್ಣು ಮುಖಕ್ಕಿಂತ ಮುಂಚೆ ಕಾಲನ್ನು ನೋಡುತ್ತದೆ. ಯಾರು ಯಾವ ಕಾಲನ್ನು ಕಾಪಾಡಿಕೊಂಡು ಹೆಜ್ಜೆಯಿಡುತ್ತಿದ್ದಾರೆಂಬುದು ಅಷ್ಟು ದೂರದಿಂದಲೂ ತಿಳಿದುಬಿಡುತ್ತದೆ.

ಕಳೆದ ಅಕ್ಟೋಬರಿನ ಒಂದು ಭಾನುವಾರ, ಕೆಳಗಿನ ಅಂತಸ್ತಿನಲ್ಲಿರುವ ಹಾಸನದ ಕಡೆಯ ಹುಡುಗನೊಬ್ಬ ಹಾಗೆ ಎಡಗಾಲನ್ನು ಕಾಪಾಡಿಕೊಂಡು ಬಂದು, ನಮ್ಮ ಕಟ್ಟಡದ ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕುಳಿತುದನ್ನು ಕಂಡು, ನಾನು ಇಳಿದು ಹೋದೆ. ಜನವರಿಯಲ್ಲಿ ನಡೆಯುವ ಚೆನ್ನೈ ಮ್ಯಾರಥಾನಿನಲ್ಲಿ ಇಪ್ಪತ್ತೊಂದು ಕಿಲೋಮೀಟರು ಓಡಬೇಕೆಂದು ಹೆಸರು ಕೊಟ್ಟಿದ್ದನಂತೆ. ಆರೇ ವಾರಗಳಲ್ಲಿ ಮೂರು ಕಿಲೋಮೀಟರಿನಿಂದ ಹದಿನಾಲ್ಕಕ್ಕೆ ಏರಿದ್ದನಂತೆ. ಮೊದಲು ಓಟ ಮುಗಿದ ಮೇಲೆ ಮಾತ್ರ ನೋವು, ಆಮೇಲೆ ಓಡುವಾಗ, ಈಗ ನಡೆಯುವಾಗಲೂ. "ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ ಡಾಕ್ಟರೇ, ಆದ್ರೆ ಮೆಟ್ಟಿಲು ಇಳಿಯೋವಾಗ ಇಲ್ಲೇ ಹಿಡ್ಕೊಳ್ಳುತ್ತೆ" ಎಂದು ಅವನು ಹೇಳಿದಾಗ, ಆ 'ಇಲ್ಲೇ' ಎಂಬ ಮಾತಿನೊಡನೆ ಅವನ ತೋರುಬೆರಳು ಕಾಲಿನ ಒಂದು ಬಿಂದುವಿಗೆ ಹೋಗಿ ನಿಂತಿತು. ನಾನು ಅವನ ಕಾಲನ್ನು ಬೆಂಚಿನ ಮೇಲೆ ಚಾಚಿಸಿ, ಮೊಣಕಾಲ ಚಿಪ್ಪಿನ ಕೆಳಗಿನಿಂದ ಹಿಡಿದು, ಡಾಕ್ಟರರು ಟಿಬಿಯಾ ಎಂದೂ ನಮ್ಮ ಪ್ರಾಚೀನ ವೈದ್ಯರು ಜಂಘಾಸ್ಥಿಯೆಂದೂ ಕರೆಯುವ ಮುಂಗಾಲಿನ ದೊಡ್ಡ ಎಲುಬಿನ ಒಳಅಂಚಿನ ಗುಂಟ, ಹೆಬ್ಬೆರಳಿನಿಂದ ಅಂಗುಲ ಅಂಗುಲವಾಗಿ ಒತ್ತುತ್ತ ಕೆಳಗಿಳಿದೆ. ಅರ್ಧ ದಾರಿಯವರೆಗೆ ಅವನ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಹರಡಿಗಿಂತ ಒಂದು ಗೇಣು ಮೇಲೆ, ರೂಪಾಯಿ ನಾಣ್ಯದಷ್ಟು ಅಗಲದ ಒಂದೇ ಜಾಗದಲ್ಲಿ, ಅವನು ಬೆಂಚಿನ ಅಂಚನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದುಕೊಂಡ. ಅಲ್ಲಿಂದ ಎರಡು ಅಂಗುಲ ಕೆಳಗೆ ಮತ್ತೆ ಏನೂ ಇಲ್ಲ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವರ್ಷವರ್ಷವೂ ಹೆಚ್ಚುತ್ತಿರುವ ಪ್ರಶ್ನೆ ಇದೇ. ಸೇನೆಯ ಭರ್ತಿಗೆಂದು ಕತ್ತಲಿರುವಾಗಲೇ ಎದ್ದು ರಸ್ತೆಯ ಮೇಲೆ ಓಡುವ ಬೆಳಗಾವಿ, ಕೊಡಗು, ಹಾಸನಗಳ ಹುಡುಗರು, ಪೊಲೀಸು ಕೆಲಸಕ್ಕೆ ಅರ್ಜಿ ಹಾಕಿದ ಹೆಣ್ಣುಮಕ್ಕಳು, ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟಕ್ಕೆ ಸಿದ್ಧರಾಗುವ ನಲವತ್ತು ದಾಟಿದ ಗೃಹಸ್ಥರು, ಭರತನಾಟ್ಯ ಕಲಿಯುವ ಮಗಳ ತಾಯಿ, ಇವರೆಲ್ಲರ ಪತ್ರಗಳಲ್ಲಿಯೂ ಊರು ಬೇರೆ, ವಯಸ್ಸು ಬೇರೆ, ವಾಕ್ಯ ಮಾತ್ರ ಒಂದೇ: ನೋವಿದೆ, ಆದರೆ ಎಕ್ಸ್‌ರೇಯಲ್ಲಿ ಏನೂ ಇಲ್ಲ ಎನ್ನುತ್ತಾರೆ. ಕೆಲವರು ತಮ್ಮ ಮನಸ್ಸಿನ ದೌರ್ಬಲ್ಯವೇ ಇದಕ್ಕೆ ಕಾರಣವೋ ಎಂದೂ ಕೇಳಿದ್ದಾರೆ. ಅವರಿಗೆ ಮೊದಲು ಹೇಳಬೇಕಾದುದು, ಚಿತ್ರ ಮೌನವಾಗಿದೆಯೆಂದ ಮಾತ್ರಕ್ಕೆ ಎಲುಬು ಸ್ವಸ್ಥವಾಗಿದೆಯೆಂದು ಅರ್ಥವಲ್ಲ ಎಂಬುದನ್ನು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಎಲುಬಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕಾಗುತ್ತದೆ.

ಎಲುಬೆಂದರೆ ಗೋಡೆಯೊಳಗಿನ ಕಲ್ಲಿನ ಹಾಗೆ ಒಮ್ಮೆ ಇಟ್ಟರೆ ಇದ್ದಲ್ಲೇ ಇರುವ ಜಡವಸ್ತು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಒಣಗಿದ ಮೂಳೆಯನ್ನಷ್ಟೇ ನಾವು ಕಣ್ಣಾರೆ ಕಾಣುವುದರಿಂದ ಹಾಗೆನಿಸುವುದು ಸಹಜವೂ ಹೌದು. ಬದುಕಿರುವ ಎಲುಬಾದರೋ ರಕ್ತ ಹರಿಯುವ, ಪ್ರತಿಕ್ಷಣವೂ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತಿರುವ ಜೀವಂತ ಧಾತು. ಅದರಲ್ಲಿ ಹಳತನ್ನು ಕರಗಿಸುವ ಜೀವಕೋಶಗಳ ಒಂದು ತಂಡವಿದೆ, ಹೊಸತನ್ನು ತುಂಬುವ ಇನ್ನೊಂದು ತಂಡವಿದೆ. ಈ ಎರಡರ ದುಡಿಮೆಯಿಂದ ಪ್ರಾಯದ ಮನುಷ್ಯನ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಪಾಲು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಎಲುಬಿನ ಮೇಲೆ ಹೊರೆ ಹೆಚ್ಚಿದಾಗ, ಆ ಹೊರೆಗೆ ತಕ್ಕಂತೆ ಮರುರಚನೆ ಮಾಡಿಕೊಳ್ಳಬೇಕೆಂದು ಅದು ಮೊದಲು ಹಳೆಯದನ್ನು ಕರಗಿಸುತ್ತದೆ. ಈ ಕರಗಿಸುವ ಕೆಲಸಕ್ಕೆ ಹಿಡಿಯುವುದು ಎರಡು ಮೂರು ವಾರ. ಆ ಜಾಗವನ್ನು ಮತ್ತೆ ಗಟ್ಟಿಯಾಗಿ ತುಂಬಲು ಹಿಡಿಯುವುದು ಮೂರು ತಿಂಗಳಿಗೂ ಮಿಕ್ಕ ಕಾಲ. ಹಳ್ಳಿಯಲ್ಲಿ ಹಳೆಯ ಮನೆಯ ಗೋಡೆಯನ್ನು ಬಲಪಡಿಸುವವರು ಮೊದಲು ಸಡಿಲಾದ ಕಲ್ಲುಗಳನ್ನು ಕಿತ್ತು ಪಕ್ಕಕ್ಕಿಡುತ್ತಾರಲ್ಲವೆ, ಕಿತ್ತ ದಿನದಿಂದ ಹೊಸಗಾರೆ ಒಣಗುವ ದಿನದವರೆಗೆ ಆ ಗೋಡೆ ಮೊದಲಿಗಿಂತಲೂ ದುರ್ಬಲವಾಗಿರುವಂತೆ, ಓಟವನ್ನು ಆರಂಭಿಸಿದ ಮೂರನೆಯ ನಾಲ್ಕನೆಯ ವಾರದ ಸುಮಾರಿಗೆ ಎಲುಬೂ ತನ್ನ ಅತ್ಯಂತ ದುರ್ಬಲಾವಸ್ಥೆಯಲ್ಲಿರುತ್ತದೆ. ಅದೇ ಹೊತ್ತಿಗೆ ಉಸಿರು ಹಗುರವಾಗಿ, ಮಾಂಸಖಂಡಗಳು ಪಳಗಿ, ಓಡುವವನಿಗೆ ಉತ್ಸಾಹ ಉಕ್ಕುತ್ತಿರುತ್ತದೆ. ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ. ಒಂದೊಂದು ಹೆಜ್ಜೆಯಲ್ಲಿಯೂ ನೆಲದಿಂದ ಕಾಲಿಗೆ ಮರಳುವ ಪೆಟ್ಟು ದೇಹದ ತೂಕದ ಎರಡು ಮೂರು ಪಟ್ಟು. ಕಿತ್ತ ಕಲ್ಲುಗಳ ಗೋಡೆಯ ಮೇಲೆ ಇಷ್ಟು ಪೆಟ್ಟು ಬಿದ್ದಾಗ ಮೊದಲು ಒಳಗೆ ಊತ, ಆಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು, ಆಮೇಲೆ ಅವು ಒಂದಕ್ಕೊಂದು ಸೇರಿ ಕೂದಲೆಳೆಯಂಥ ಒಂದು ಬಿರುಕು. ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುವುದು. ಬಿದ್ದು ಮುರಿದ ಮೂಳೆಗೂ ಇದಕ್ಕೂ ಇರುವ ಭೇದವೆಂದರೆ, ಅಲ್ಲಿ ಒಂದೇ ದೊಡ್ಡ ಆಘಾತ. ಇಲ್ಲಿ ಸಾವಿರಾರು ಸಣ್ಣ ಆಘಾತಗಳು, ಅವುಗಳ ನಡುವೆ ಸಾಲದ ಬಿಡುವು.

ಈ ವ್ಯಾಧಿಯನ್ನು ಮೊದಲು ಗುರುತಿಸಿದವರು ಓಟಗಾರರ ವೈದ್ಯರಲ್ಲ, ಸೈನ್ಯದ ವೈದ್ಯರು. 1855ರಲ್ಲಿ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯದ ಸೇನಾವೈದ್ಯನು, ದೀರ್ಘವಾದ ನಡಿಗೆಯ ತರುವಾಯ ಸಿಪಾಯಿಗಳ ಪಾದಗಳು ಬಾತು ನೋಯುವುದನ್ನು ವರ್ಣಿಸಿ ಬರೆದನು. ಪಾದದೊಳಗೆ ನಡೆದಿರುವುದೇನೆಂದು ನೋಡುವ ಸಾಧನ ಅವನ ಕೈಯಲ್ಲಿರಲಿಲ್ಲ. 1895ರ ನವೆಂಬರಿನಲ್ಲಿ ರಾಂಟ್ಗೆನ್ ಮಹಾಶಯನು ಕ್ಷ-ಕಿರಣವನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ, 1897ರಲ್ಲಿ, ಸ್ಟೆಖೋವ್ ಎಂಬ ಇನ್ನೊಬ್ಬ ಸೇನಾವೈದ್ಯನು ಆ ಬಾತ ಪಾದಗಳ ಚಿತ್ರ ತೆಗೆದು, ಒಳಗೆ ಎಲುಬು ಬಿರಿದಿರುವುದನ್ನು ತೋರಿಸಿಕೊಟ್ಟನು. ಚೆನ್ನೈ ನಗರಕ್ಕೂ ಕ್ಷ-ಕಿರಣದ ವಿದ್ಯೆಗೂ ಹಳೆಯ ನಂಟು. ಮದ್ರಾಸ್ ಮೆಡಿಕಲ್ ಕಾಲೇಜಿನ ಬರ್ನಾರ್ಡ್ ಇನ್‌ಸ್ಟಿಟ್ಯೂಟ್ 1934ರಲ್ಲಿಯೇ ಸ್ಥಾಪಿತವಾಯಿತು. ಇಷ್ಟು ಉಪಕಾರ ಮಾಡಿದ ಸಾಧನವನ್ನು ನಾನು ಹಳಿಯುತ್ತಿಲ್ಲ. ಆದರೆ ಅದು ಕಾಣಿಸುವುದು ಸುಣ್ಣದಂಶದ ನೆರಳನ್ನು ಮಾತ್ರ. ಕೂದಲೆಳೆಯ ಬಿರುಕಿಗೆ ನೆರಳಿಲ್ಲ, ಊತಕ್ಕೆ ನೆರಳಿಲ್ಲ. ಎಲುಬು ಆ ಬಿರುಕನ್ನು ಬೆಸೆಯುವ ಯತ್ನದಲ್ಲಿ ಸುತ್ತಲೂ ಹೊಸ ಎಲುಬಿನ ಗಂಟನ್ನು ಕಟ್ಟತೊಡಗಿದ ಮೇಲೆ, ಎಂದರೆ ನೋವು ಆರಂಭವಾಗಿ ಎರಡು ಮೂರು ವಾರಗಳಾದ ಮೇಲೆ, ಕೆಲವೊಮ್ಮೆ ಅದಕ್ಕೂ ತಡವಾಗಿ, ಚಿತ್ರದಲ್ಲಿ ಅದು ಗೋಚರಿಸುತ್ತದೆ. ಹೀಗೆ ಎಕ್ಸ್‌ರೇ ತೋರಿಸುವುದು ಬಹುಮಟ್ಟಿಗೆ ಗಾಯವನ್ನಲ್ಲ, ಗಾಯ ಮಾಯುವುದನ್ನು.

ಈ ಸತ್ಯವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಕಲಿತದ್ದು ಬೇರೆ ರೀತಿಯಲ್ಲಿ. ನಾನು ಇನ್ನೂ ಚಿಕ್ಕ ವೈದ್ಯನಾಗಿ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಹತ್ತೊಂಬತ್ತು ವರ್ಷದ ಒಬ್ಬ ರೈತನ ಮಗ, ಸೈನ್ಯಕ್ಕೆ ಸೇರಬೇಕೆಂದು ನಾಲೆಯ ಏರಿಯ ಮೇಲೆ ದಿನವೂ ಓಡುತ್ತಿದ್ದವನು, ತೊಡೆಸಂದಿಯಲ್ಲಿ ನೋವೆಂದು ಬಂದ. ಎಕ್ಸ್‌ರೇ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಏನೂ ಇಲ್ಲವೆಂದು ಹೇಳಿ, ನೋವಿನ ಗುಳಿಗೆ ಬರೆದುಕೊಟ್ಟು ಕಳುಹಿಸಿದೆ. ಗುಳಿಗೆಯಿಂದ ನೋವು ತಗ್ಗಿತು. ತಗ್ಗಿದ್ದರಿಂದ ಅವನು ಓಡಿದ. ಎಂಟನೆಯ ದಿನ ಏರಿಯ ಮೇಲೆ ಕುಸಿದುಬಿದ್ದವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದರು. ತೊಡೆಯೆಲುಬಿನ ಕತ್ತು ಪೂರ್ತಿಯಾಗಿ ಮುರಿದು ಜಾರಿತ್ತು. ಶಸ್ತ್ರಚಿಕಿತ್ಸೆಯಿಂದ ಸ್ಕ್ರೂ ಹಾಕಿ ಕೂಡಿಸಿದೆವು, ಮೂಳೆ ಕೂಡಿತು ಕೂಡ; ಆದರೆ ಆ ಕಾಲು ಗಿಡ್ಡವಾಯಿತು, ಸೈನ್ಯದ ಬಾಗಿಲು ಮುಚ್ಚಿತು. ಮಲಗಿದ್ದಲ್ಲಿಂದಲೇ ಅವನ ತಂದೆಯ ಮುಂದೆ ಆ ಹುಡುಗ ನನಗೆ ಹೇಳಿದ್ದು ಒಂದೇ ಮಾತು, ಅದರಲ್ಲಿ ಕೋಪವೂ ಇರಲಿಲ್ಲ: "ನೀವೇ ಏನೂ ಇಲ್ಲ ಅಂದಿದ್ರಿ ಸ್ವಾಮಿ." ಅಂದಿನಿಂದ ನಿವೃತ್ತನಾಗುವವರೆಗೆ ನಾನು ಯಾವ ಚೀಟಿಯಲ್ಲಿಯೂ 'ಏನೂ ಇಲ್ಲ' ಎಂದು ಬರೆಯಲಿಲ್ಲ. 'ಈ ದಿನದ ಈ ಚಿತ್ರದಲ್ಲಿ ಏನೂ ಕಾಣುತ್ತಿಲ್ಲ' ಎಂದು ಬರೆಯುತ್ತಿದ್ದೆ. ಅದರ ಕೆಳಗೆ, ಎಲ್ಲಿ ಒತ್ತಿದರೆ ನೋವೆಂಬುದನ್ನು ಚಿತ್ರ ಬಿಡಿಸಿ ಗುರುತು ಹಾಕುತ್ತಿದ್ದೆ.

ಆ ಗುರುತೇ ಮುಖ್ಯ. ಕಾಲಿನ ಎಲ್ಲ ಎಲುಬುಗಳೂ ಎಲ್ಲ ಭಾಗಗಳಲ್ಲಿಯೂ ಒಂದೇ ಬಗೆಯಾಗಿ ಬಿರಿಯುವುದಿಲ್ಲ, ಒಂದೇ ಬಗೆಯಾಗಿ ಮಾಯುವುದೂ ಇಲ್ಲ. ಜಂಘಾಸ್ಥಿಯ ಒಳಅಂಚಿನ ಹಿಂಭಾಗ, ಅದರ ಪಕ್ಕದ ಸಣ್ಣೆಲುಬು, ಪಾದದ ನಡುಬೆರಳುಗಳ ನೀಳವಾದ ಮೂಳೆಗಳು, ಇಲ್ಲಿನ ಬಿರುಕುಗಳು ಓಟವನ್ನು ಬಿಟ್ಟು ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ತಾವಾಗಿಯೇ ಕೂಡುತ್ತವೆ. ಆದರೆ ಅದೇ ಜಂಘಾಸ್ಥಿಯ ಮುಂಭಾಗದ ಏಣಿನಲ್ಲಿ, ಹೆಜ್ಜೆಯಿಟ್ಟಾಗಲೆಲ್ಲ ಎಲುಬು ಬಿಲ್ಲಿನಂತೆ ಬಾಗಿ ಸೆಳೆತಕ್ಕೊಳಗಾಗುವ ಕಡೆಯಲ್ಲಿ ಬಿರುಕು ಬಿಟ್ಟರೆ, ಅದು ತಿಂಗಳುಗಟ್ಟಲೆ ಕೂಡದೆ ಉಳಿಯುವುದುಂಟು. ಚಿತ್ರದಲ್ಲಿ ಕಾಣುವ ಆ ಕಪ್ಪುಗೆರೆಗೆ ವೈದ್ಯರು ಹೆದರುತ್ತಾರೆ, ಕೆಲವೊಮ್ಮೆ ಎಲುಬಿನೊಳಗೆ ಉದ್ದನೆಯ ಲೋಹದ ಸರಳನ್ನು ತೂರಿಸಿ ನಿಲ್ಲಿಸಬೇಕಾಗುತ್ತದೆ. ಪಾದದ ಕಮಾನಿನ ನೆತ್ತಿಯಲ್ಲಿರುವ ನೆವಿಕ್ಯುಲರ್ ಎಂಬ ಎಲುಬು, ಕಿರುಬೆರಳಿನ ನೀಳಮೂಳೆಯ ಬುಡ, ಒಳಹರಡಿನ ಗಂಟು, ಇವೂ ಹಠಮಾರಿ ಸ್ಥಳಗಳು. ಎಲ್ಲಕ್ಕಿಂತ ಭಯಂಕರವಾದುದು ತೊಡೆಯೆಲುಬಿನ ಕತ್ತು. ಓಡುವವರಿಗೆ ತೊಡೆಸಂದಿಯಲ್ಲಿ ಅಥವಾ ತೊಡೆಯ ಮುಂಭಾಗದಲ್ಲಿ, ಕಾಲೂರಿದರೆ ಹೆಚ್ಚುವ ನೋವು ಬಂದರೆ, ಅದನ್ನು ಸ್ನಾಯುಸೆಳೆತವೆಂದು ತಳ್ಳಿಹಾಕದೆ ಅಂದೇ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸಿ, ಕಂಕುಳುಕೋಲನ್ನು ಹಿಡಿದು, ಎಂ.ಆರ್.ಐ. ಮಾಡಿಸಿಕೊಳ್ಳಬೇಕು. ಇದರಲ್ಲಿ ನನ್ನದು ಎರಡು ಮಾತಿಲ್ಲ.

ಹಾಗೆಂದು ಕಾಲು ನೋಯುವವರೆಲ್ಲರೂ ಎಂ.ಆರ್.ಐ. ಯಂತ್ರದ ಮುಂದೆ ಸಾಲುನಿಲ್ಲಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಆ ಯಂತ್ರವು ಎಲುಬಿನ ಒಳಗಿನ ನೀರಿನಂಶವನ್ನು, ಎಂದರೆ ಊತವನ್ನೇ ಕಾಣಬಲ್ಲದಾದುದರಿಂದ, ಬಿರುಕು ಮೂಡುವ ಮೊದಲೇ ರೋಗದ ಮೆಟ್ಟಿಲನ್ನು ಹೇಳುತ್ತದೆ. ಎಲುಬಿನ ಹೊದಿಕೆಯ ಊತ ಮಾತ್ರ ಇರುವುದರಿಂದ ಹಿಡಿದು ಬಿರುಕಿನ ಗೆರೆಯೇ ಕಾಣುವವರೆಗೆ ನಾಲ್ಕು ಮೆಟ್ಟಿಲುಗಳನ್ನು ಫ್ರೆಡರಿಕ್‌ಸನ್ ಎಂಬ ಅಮೆರಿಕದ ವೈದ್ಯರು ತಮ್ಮ ಸಹೋದ್ಯೋಗಿಗಳೊಡನೆ 1995ರಲ್ಲಿ ವಿಂಗಡಿಸಿಕೊಟ್ಟರು. ಮೆಟ್ಟಿಲು ಮೇಲೇರಿದಷ್ಟೂ ವಿಶ್ರಾಂತಿಯ ಅವಧಿ ನೀಳವಾಗುತ್ತದೆ. ಇದು ದೊಡ್ಡ ಉಪಕಾರವೇ. ಆದರೆ ಕೂಲಿ ಮಾಡುವ ಮನೆಯ ಹುಡುಗನಿಗೆ ಅಷ್ಟು ಹಣ ಹೊಂದಿಸುವುದು ಸುಲಭವಲ್ಲ. ನೋವಿರುವುದು ಜಂಘಾಸ್ಥಿಯ ಒಳಅಂಚಿನಲ್ಲಿ ಆಗಿದ್ದರೆ, ಕೇಳಬೇಕಾದುದನ್ನು ಕೇಳಿ, ಒತ್ತಬೇಕಾದಲ್ಲಿ ಒತ್ತಿ, ಬಿರುಕು ಇದೆಯೆಂದೇ ಭಾವಿಸಿ ಚಿಕಿತ್ಸೆ ಮಾಡಿ, ಮೂರು ವಾರದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಿದರೆ ಸಾಕಾಗುವುದುಂಟು. ಒತ್ತಿ ನೋಡುವುದರಲ್ಲಿಯೂ ಒಂದು ವಿವೇಕವಿದೆ. ನೋವು ಎಲುಬಿನ ಒಳಅಂಚಿನ ಗುಂಟ ಅಂಗೈಯಗಲಕ್ಕೆ ಹರಡಿಕೊಂಡಿದ್ದು, ಓಡತೊಡಗಿದಾಗ ಇದ್ದು ಮೈ ಬಿಸಿಯಾದ ಮೇಲೆ ತಗ್ಗುವುದಾದರೆ, ಅದು ಶಿನ್ ಸ್ಪ್ಲಿಂಟ್ ಎಂದು ಓಟಗಾರರು ಕರೆಯುವ, ಎಲುಬಿನ ಹೊದಿಕೆಯ ಕೆರಳಿಕೆಯಾಗಿರುವ ಸಂಭವ ಹೆಚ್ಚು; ಬೆರಳ ತುದಿಯಿಂದ ಮುಚ್ಚಬಹುದಾದಷ್ಟು ಚಿಕ್ಕ ಜಾಗದಲ್ಲಿ ನಿಂತು, ಓಡಿದಷ್ಟೂ ಹೆಚ್ಚಿ, ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ಚುಚ್ಚಿ, ರಾತ್ರಿ ಹಾಸಿಗೆಯಲ್ಲಿಯೂ ಬಿಡದೆ ಕಾಡುವುದಾದರೆ ಬಿರುಕನ್ನು ಶಂಕಿಸಬೇಕು. ರೋಗಿಯ ತೋರುಬೆರಳು ಇಲ್ಲಿ ಬಹಳ ಸತ್ಯವಂತ. ಅದಕ್ಕಿಂತಲೂ ಹೆಚ್ಚು ಹೇಳುವುದು ಒಂದು ಪ್ರಶ್ನೆ: ಕಳೆದ ಎರಡು ತಿಂಗಳಲ್ಲಿ ಏನು ಬದಲಾಯಿತು? ದೂರವೇ, ವೇಗವೇ, ಬೂಟೇ, ಮಣ್ಣಿನ ಮೈದಾನ ಬಿಟ್ಟು ಡಾಂಬರಿಗೆ ಬಂದುದೇ? ಏನೂ ಬದಲಾಗದೆ ಈ ನೋವು ಬರುವುದು ಅಪರೂಪ.

ಇನ್ನು ಚಿಕಿತ್ಸೆ. ಕೇಳಿದವರಿಗೆ ನಿರಾಶೆಯಾಗುವಷ್ಟು ಸರಳವಾದುದು ಅದು: ಎಲುಬಿಗೆ ತನ್ನ ಕೆಲಸವನ್ನು ಮುಗಿಸಲು ಕಾಲ ಕೊಡುವುದು. ಸೌಮ್ಯ ಸ್ಥಳದ ಬಿರುಕಿಗೆ ಆರರಿಂದ ಎಂಟು ವಾರ ಓಟವಿಲ್ಲ, ಜಿಗಿತವಿಲ್ಲ. ನಡೆಯುವಾಗಲೂ ನೋವಿದ್ದರೆ ಕೆಲವು ದಿನ ಕಂಕುಳುಕೋಲು ಅಥವಾ ಕಾಲನ್ನು ಹಿಡಿದಿಡುವ ಬೂಟು. ನೋವಿಲ್ಲದೆ ನಡೆಯುವಂತಾದ ಮೇಲೆ ಈಜು, ಸೈಕಲು, ಎದೆಮಟ್ಟದ ನೀರಿನಲ್ಲಿ ಓಟ. ಉಸಿರಿಗೆ ಶ್ರಮ ಬೇಕು, ಎಲುಬಿಗೆ ಪೆಟ್ಟು ಬೇಡ ಎಂಬುದೇ ಸೂತ್ರ. ವಿಶ್ರಾಂತಿಯೆಂದರೆ ಹಾಸಿಗೆ ಹಿಡಿಯುವುದಲ್ಲ. ಹೊರೆಯೇ ಇಲ್ಲದ ಎಲುಬು ಮತ್ತಷ್ಟು ಕ್ಷೀಣಿಸುತ್ತದೆ. ನೋವಿನ ಗುಳಿಗೆಯನ್ನು ನುಂಗಿ ಓಡುವುದನ್ನಂತೂ ನಾನು ಎಂದಿಗೂ ಒಪ್ಪಲಾರೆ. ಉರಿಯೂತವನ್ನು ತಗ್ಗಿಸುವ ಗುಳಿಗೆಗಳು ಮೂಳೆ ಕೂಡುವುದನ್ನೇ ನಿಧಾನಗೊಳಿಸಬಹುದೆಂಬ ಸಂದೇಹ ವೈದ್ಯರಲ್ಲಿ ಬಹುಕಾಲದಿಂದ ಇದೆ. ಅದು ಹಾಗಿರಲಿ, ನೋವೆಂಬ ಕಾವಲುಗಾರನ ಬಾಯಿ ಕಟ್ಟಿ ಮನೆಯ ಬಾಗಿಲು ತೆರೆದಿಟ್ಟರೆ ಆಗುವುದೇನೆಂದು ನಾಲೆಯ ಏರಿಯ ಹುಡುಗ ನನಗೆ ತೋರಿಸಿಕೊಟ್ಟಿದ್ದಾನೆ.

ಚೆನ್ನೈಯ ಬೀದಿಗಳಲ್ಲಿ 'ಪುತ್ತೂರು ಕಟ್ಟು' ಎಂಬ ಹಲಗೆಗಳನ್ನು ನೀವು ನೋಡಿರಬಹುದು. ಆಂಧ್ರದ ಪುತ್ತೂರಿನ ಮೂಳೆಕಟ್ಟುವ ವಿದ್ಯೆಗೆ ಇಲ್ಲಿ ದೊಡ್ಡ ಹೆಸರು. ನಮ್ಮ ಹಳ್ಳಿಗಳಲ್ಲಿಯೂ ನಾಟಿ ವೈದ್ಯರ ಮನೆಯ ಮುಂದೆ ಗಾಡಿಗಳು ನಿಲ್ಲುತ್ತಿದ್ದುದನ್ನು ಕಂಡು ಬೆಳೆದವನು ನಾನು. ಅವರ ಕೈಗುಣವನ್ನು ಕುರಿತು ಪತ್ರ ಬರೆದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಬಿದಿರಿನ ದಬ್ಬೆ ಕಟ್ಟಿ, ಇಂತಿಷ್ಟು ದಿನ ಕಾಲೂರಬಾರದೆಂದು ಪಥ್ಯ ವಿಧಿಸುತ್ತಿದ್ದ ಹಿರಿಯರು ವಿಶ್ರಾಂತಿಯ ಬೆಲೆಯನ್ನು ನಮಗಿಂತ ಚೆನ್ನಾಗಿ ಅರಿತಿದ್ದರು; ಆದರೆ ಬಿರುಕು ಬಿಟ್ಟ ಎಲುಬನ್ನು ನರ ಹೊರಳಿದೆಯೆಂದು ತಿಳಿದು ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಯಾರೇ ಮಾಡಲಿ, ಮಾಯುತ್ತಿರುವ ಗಾಯವನ್ನು ಕೆದಕಿದಂತೆ.

ಎಲುಬು ತನ್ನನ್ನು ಕಟ್ಟಿಕೊಳ್ಳಲು ಸಾಮಗ್ರಿ ಬೇಕಲ್ಲವೆ? ಪ್ರಾಯದವರಿಗೆ ದಿನಕ್ಕೆ ಒಂದು ಸಾವಿರ ಮಿಲಿಗ್ರಾಮಿನಷ್ಟು ಸುಣ್ಣದಂಶ ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರ ನಲವತ್ತು ಮಿಲಿಗ್ರಾಮಿಗೂ ಮಿಕ್ಕಿ ಅದು ಇದೆ; ಅಕ್ಕಿಯಲ್ಲಿರುವುದು ಅದರ ಅತ್ಯಲ್ಪ ಭಾಗ. ಚೆನ್ನೈಯ ಬಿಸಿಲುಗಾಲದಲ್ಲಿ ತಳ್ಳುಗಾಡಿಯವರು ಮಣ್ಣಿನ ಗಡಿಗೆಯಿಂದ ರಾಗಿಯ ಅಂಬಲಿಯನ್ನು ಮೊಗೆದು, ಸಣ್ಣ ಈರುಳ್ಳಿಯೊಡನೆ ಕೊಡುತ್ತಾರೆ. ಅದನ್ನಿವರು ಕೂಳ್ ಎನ್ನುತ್ತಾರೆ. ನಮ್ಮಲ್ಲಿ ಕೂಳೆಂಬ ಮಾತು ಹೀಯಾಳಿಕೆಗೆ ಇಳಿದುಹೋಗಿದೆ; ಇಲ್ಲಿ ಅದು ಇನ್ನೂ ಗೌರವದಿಂದಿದೆ. ಮುದ್ದೆಯುಂಡು ಬೆಳೆದ ಹಾಸನದ ಹುಡುಗ, ಕೆಲಸಕ್ಕೆ ಸೇರಿದ ಮೂರು ವರ್ಷಗಳಲ್ಲಿ ರಾಗಿಯನ್ನು ಕಣ್ಣಿನಿಂದ ಕಂಡಿಲ್ಲವೆಂದು ಹೇಳಿದಾಗ ನನಗೆ ನಿಜವಾಗಿಯೂ ವ್ಯಥೆಯಾಯಿತು. ಸುಣ್ಣದಂಶವನ್ನು ಕರುಳು ಹೀರಬೇಕಾದರೆ ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಬಿಸಿಲಿಗೆ ಬರವಿಲ್ಲದ ಈ ಊರಿನಲ್ಲಿಯೂ ಸೂರ್ಯೋದಯಕ್ಕೆ ಮುಂಚೆ ಓಡಿ, ಸೂರ್ಯಾಸ್ತದ ಮೇಲೆ ಕಚೇರಿಯಿಂದ ಹೊರಬರುವವರ ರಕ್ತದಲ್ಲಿ ಅದರ ಕೊರತೆ ಕಾಣುವುದು ಆಶ್ಚರ್ಯವಲ್ಲ. ಮಗದೊಮ್ಮೆ ಬಿರುಕು ಬಿಟ್ಟವರಿಗಂತೂ ಆ ರಕ್ತಪರೀಕ್ಷೆ ಅವಶ್ಯ.

ಹೆಣ್ಣುಮಕ್ಕಳ ವಿಷಯವನ್ನು ನಾನು ಇಲ್ಲಿ ಸಂಕೋಚವಿಲ್ಲದೆ ಬರೆಯಬೇಕಾಗಿದೆ, ಏಕೆಂದರೆ ಅವರ ಮುಂದೆ ಕುಳಿತ ವೈದ್ಯರು ಅನೇಕ ವೇಳೆ ಸಂಕೋಚದಿಂದಲೇ ಕೇಳದೆ ಬಿಡುತ್ತಾರೆ. ಪೆರುಂಗುಡಿಯಿಂದ ಕೆಲವೇ ಮೈಲಿಗಳ ದೂರದಲ್ಲಿ ಪರಂಗಿಮಲೆಯ ಬಳಿ ಇರುವ ಸೇನಾಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 1992ರಿಂದ ತರುಣಿಯರೂ ತರಬೇತಿ ಪಡೆಯುತ್ತಿದ್ದಾರೆ. ನಮ್ಮ ನಾಡಿನ ಹೆಣ್ಣುಮಕ್ಕಳೂ ಅಲ್ಲಿಗೆ ಬರುತ್ತಾರೆ. ಒಂದೇ ಬಗೆಯ ತರಬೇತಿಯಲ್ಲಿ ಗಂಡಸರಿಗಿಂತ ಹೆಂಗಸರಿಗೆ ಈ ಬಿರುಕುಗಳು ಹೆಚ್ಚು ಎಂಬುದು ಹಲವು ದೇಶಗಳ ಸೈನ್ಯಗಳ ಅನುಭವ. ಶ್ರಮ ಹೆಚ್ಚಿ ಆಹಾರ ಅದಕ್ಕೆ ತಕ್ಕಷ್ಟಿಲ್ಲದಾಗ, ದೇಹವು ತನಗೆ ತೀರ ಅವಶ್ಯವಲ್ಲವೆಂದು ತೋರಿದ ವ್ಯಾಪಾರಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ನಿಲ್ಲುವುದು ಅದರ ಮೊದಲ ಸೂಚನೆ. ಅದರೊಡನೆ ಎಲುಬನ್ನು ಕಾಯುವ ಈಸ್ಟ್ರೋಜೆನ್ ತಗ್ಗುತ್ತದೆ, ಎಲುಬು ಸವೆಯುತ್ತದೆ. ತೆಳ್ಳಗಾದೆನೆಂದು ಹಿಗ್ಗುವ ಹುಡುಗಿಗೂ, ತಿಂಗಳ ತೊಂದರೆ ತಪ್ಪಿತೆಂದು ಸಮಾಧಾನಪಡುವ ತಾಯಿಗೂ ಇದು ತಿಳಿದಿರುವುದಿಲ್ಲ. ಅಮೆರಿಕದ ನೌಕಾಪಡೆಗೆ ಸೇರಿದ ಐದು ಸಾವಿರಕ್ಕೂ ಮಿಕ್ಕ ತರುಣಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಣ್ಣದಂಶವನ್ನೂ ವಿಟಮಿನ್ ಡಿಯನ್ನೂ ಕೊಟ್ಟವರಲ್ಲಿ ಬಿರುಕುಗಳು ನೂರಕ್ಕೆ ಇಪ್ಪತ್ತರಷ್ಟು ತಗ್ಗಿದವು. ಓಡುವ ಹುಡುಗಿಯ ಕಾಲು ನೋಯುತ್ತಿದ್ದರೆ ವೈದ್ಯರು ಕೇಳದಿದ್ದರೂ ಮುಟ್ಟು ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ನೀವೇ ಹೇಳಿ, ತಾಯಂದಿರೇ. ಕಾಲಿನ ನೋವಿಗೂ ಅದಕ್ಕೂ ಏನು ಸಂಬಂಧವೆಂದು ಸುಮ್ಮನಿರಬೇಡಿ.

ಬಿರುಕೆಂದರೆ ಎಲ್ಲ ಮುಗಿಯಿತೆಂದು ಕಂಗೆಡುವವರಿಗೆ ಪಿ.ವಿ. ಸಿಂಧು ಅವರನ್ನು ನೆನಪಿಸುತ್ತೇನೆ. 2022ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚಿನ್ನ ಗೆದ್ದ ಅವರ ಎಡಗಾಲಿನಲ್ಲಿ ಇದೇ ಬಗೆಯ ಬಿರುಕು ಕಂಡುಬಂದುದರಿಂದ, ಅದೇ ತಿಂಗಳಿನ ವಿಶ್ವ ಚಾಂಪಿಯನ್‌ಷಿಪ್ಪನ್ನು ಬಿಟ್ಟುಕೊಟ್ಟು, ಮರುವರ್ಷದ ಜನವರಿಯವರೆಗೆ ಅವರು ಅಂಗಳಕ್ಕಿಳಿಯಲಿಲ್ಲ. ಅಷ್ಟು ದೊಡ್ಡ ಆಟಗಾರ್ತಿ, ಸುತ್ತಲೂ ಅಷ್ಟೊಂದು ವೈದ್ಯರಿದ್ದೂ, ತಿಂಗಳುಗಟ್ಟಲೆ ಕಾದರು. ಕೆಳಗಿನ ಅಂತಸ್ತಿನ ಹುಡುಗನಿಗೆ ನಾನು ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಾಗಾದ್ರೆ ಜನವರಿ ಇಲ್ಲ ಅನ್ನಿ" ಎಂದ. ಮೂರು ವಾರದ ಮೇಲೆ ತೆಗೆಸಿದ ಚಿತ್ರದಲ್ಲಿ, ನಾನು ಒತ್ತಿದ್ದ ಜಾಗದಲ್ಲಿಯೇ, ಎಲುಬಿನ ಅಂಚಿಗೆ ತೆ‌ಳುವಾದ ಮಂಜಿನಂಥ ಒಂದು ಬಿಳಿಗೆರೆ ಮೂಡಿತ್ತು. ಅದನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ನೆಮ್ಮದಿಯಾಯಿತೆಂದು ನನಗೆ ಕಂಡಿತು. ತನ್ನ ನೋವು ಸುಳ್ಳಲ್ಲವೆಂದು ಕಣ್ಣಾರೆ ಕಂಡ ನೆಮ್ಮದಿ.

ಮ್ಯಾರಥಾನಿನ ದಿನ ಅವನು ರಸ್ತೆಯ ಬದಿಯಲ್ಲಿ ನಿಂತು ಓಡುವವರಿಗೆ ನೀರು ಕೊಟ್ಟು ಬಂದನಂತೆ. ಮಾರನೆಯ ವಾರ ಒಂದು ಬೆಳಿಗ್ಗೆ ಅದೇ ಕಲ್ಲುಬೆಂಚಿನ ಮೇಲೆ ಕುಳಿತು ತಾನೇ ಕಾಲು ಚಾಚಿದ. ಹೆಬ್ಬೆರಳಿನಿಂದ ಒತ್ತುತ್ತ ಇಳಿದೆ. ಆ ಜಾಗದಲ್ಲಿ ಎಲುಬು ಸ್ವಲ್ಪ ಉಬ್ಬಿದಂತೆ ಕೈಗೆ ಸಿಕ್ಕಿತು, ಅವನ ಮುಖ ಮಾತ್ರ ಕದಲಲಿಲ್ಲ. ಒಂಟಿಕಾಲಿನಲ್ಲಿ ಹತ್ತು ಸಾರಿ ಕುಪ್ಪಳಿಸಲು ಹೇಳಿದೆ, ಕುಪ್ಪಳಿಸಿದ. ಎರಡು ನಿಮಿಷ ನಡೆ, ಒಂದು ನಿಮಿಷ ನಿಧಾನವಾಗಿ ಓಡು, ಹೀಗೆ ಐದು ಸಲ, ದಿನ ಬಿಟ್ಟು ದಿನ, ಮುಂದಿನ ಭಾನುವಾರ ಮತ್ತೆ ನೋಡೋಣ ಎಂದೆ. "ಒಂದೇ ನಿಮಿಷನಾ ಡಾಕ್ಟರೇ?" ಎಂದು ಕೇಳಿ, ನನ್ನ ಮುಖವನ್ನು ನೋಡಿ, ಮತ್ತೇನೂ ಹೇಳದೆ ಗಡಿಯಾರವನ್ನು ಒತ್ತಿಕೊಂಡು ಹೊರಟ. ತಗಡಿನ ಬೇಲಿಯ ಕೊನೆಯಲ್ಲಿರುವ ಬೇವಿನ ಮರದವರೆಗೆ ಹೋದವನು, ಗಡಿಯಾರ ಕೂಗಿರಬೇಕು, ಅಲ್ಲಿಯೇ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆಯತೊಡಗಿದ.